ಸುಳಿ, ಸುಳಿಗಾಳಿ, ಸುಂಟರಗಾಳಿ

ಯುಗಾದಿ ಕಳೆದು ಅಶ್ವಿನಿ, ಭರಣಿ ಮಳೆಗಳ ದಿನ ಬಂತೆಂದರೆ ಶಿಕಾರಿಪುರ, ಸೊರಬದ ಕಡೆಯ ಸುದ್ದಿಗಳಲ್ಲಿ ಒಂದು ಪದ ಪದೇಪದೇ ಕಾಣಿಸಿಕೊಳ್ಳುತ್ತದೆ. ಸುಂಟರಗಾಳಿಗೆ ಅಡಿಕೆ ತೋಟ ನೆಲಕಚ್ಚಿತು, ಸುಂಟರಗಾಳಿಗೆ ಮನೆಯ ಹೆಂಚು ಹಾರಿತು, ಸುಂಟರಗಾಳಿಗೆ ಲೈಟು ಕಂಬ ಉರುಳಿತು. ಆ ದಿನ ಬೀಸಿದ ಗಾಳಿ ಗಿರಗಿರನೆ ಸುತ್ತಿ ಬಂತೋ, ಒಂದೇ ದಿಕ್ಕಿನಿಂದ ನುಗ್ಗಿ ಬಂತೋ, ಮಳೆಯ ಜೊತೆ ಮೋಡದಿಂದಲೇ ಕೆಳಕ್ಕೆ ಸುರಿಯಿತೋ ಎಂಬುದು ಈ ಸುದ್ದಿಯಿಂದ ತಿಳಿಯುವುದಿಲ್ಲ. ತಿರುಗುವ ಗಾಳಿಗೆಂದೇ ಮೀಸಲಾಗಿದ್ದ ಪದ ಈಗ ಜೋರಾಗಿ ಬೀಸುವ ಎಲ್ಲ ಗಾಳಿಗೂ ಸಲ್ಲುತ್ತಿದೆ. ಗಾಳಿಯ ಬಗೆ ಬಗೆಯನ್ನು ಬೇರೆ ಬೇರೆ ಹೆಸರಿನಿಂದ ಕರೆಯುತ್ತಿದ್ದ ನುಡಿ ನಮ್ಮದು. ಆ ಭೇದಗಳು ಯಾಕೆ ಬೇಕಿದ್ದವು, ಈಗಲೂ ಯಾಕೆ ಬೇಕು ಎನ್ನುವುದನ್ನು ಈ ಎರಡು ತಾಲ್ಲೂಕುಗಳ ನೆಲದ ಮೇಲೆ ನಿಂತು ಹೇಳಬೇಕೆನಿಸಿದೆ.

ಅದಕ್ಕೆ ಇದಕ್ಕಿಂತ ಒಳ್ಳೆಯ ನೆಲ ಸಿಗುವುದೂ ಕಷ್ಟ. ಕದಂಬರ ಕಥೆ ಹೇಳುವ ತಾಳಗುಂದದ ಕಂಬ ಶಿಕಾರಿಪುರ ತಾಲ್ಲೂಕಿನದು. ಬಳ್ಳಿಗಾವಿಯೂ ಅಲ್ಲಿಯದೇ. ಸೊರಬದ ಗಡಿ ದಾಟಿದರೆ ವರದಾ ನದಿಯ ದಂಡೆಯಲ್ಲಿ ಬನವಾಸಿ. ಬಿ.ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕಾದ ಏಳನೆಯ ಸಂಪುಟವನ್ನು 1902ರಲ್ಲೂ ಎಂಟನೆಯದನ್ನು 1904ರಲ್ಲೂ ಹೊರತಂದಾಗ ಶಿಕಾರಿಪುರದ ಶಾಸನಗಳು ಮೊದಲನೆಯದರಲ್ಲಿ, ಸೊರಬದವು ಎರಡನೆಯದರಲ್ಲಿ ಪುಟಗಟ್ಟಲೆ ತುಂಬಿಕೊಂಡವು. ಕನ್ನಡದ ಒಂದು ಅಕ್ಷರ ಹೇಗೆ ಬಾಳಿ ಹೇಗೆ ಅಳಿಯಿತು ಎಂಬುದನ್ನು ಕೆರೆ ಏರಿಯ ಮೇಲೆ, ಗುಡಿಯ ಅಂಗಳದಲ್ಲಿ ನಿಂತ ಕಲ್ಲುಗಳಲ್ಲೇ ಓದಬಹುದಾದ ಸೀಮೆ ಇದು. ಆ ಅಕ್ಷರ ೞ. ಸುಳಿಗಾಳಿಯ ಕಥೆ ಶುರುವಾಗುವುದೇ ಅಲ್ಲಿಂದ.

ಹಳಗನ್ನಡದಲ್ಲಿ ಈ ಪದ ಸುೞಿ. ಈಗ ನಾವು ಸುಳಿ ಎಂದು ಬರೆಯುವಾಗ ಬಳಸುವ ಳಕಾರ ಬೇರೆ, ಅಂದಿನ ೞಕಾರ ಬೇರೆ. ನಾಲಿಗೆಯನ್ನು ಹಿಂದಕ್ಕೆ ಮಡಚಿ, ಎಲ್ಲಿಯೂ ಗಟ್ಟಿಯಾಗಿ ತಾಗಿಸದೆ ಹೊರಡಿಸುವ ಆ ದನಿ ತಮಿಳು, ಮಲಯಾಳದಲ್ಲಿ ಇಂದಿಗೂ ಉಳಿದಿದೆ. ಕನ್ನಡದಲ್ಲಿ ಅದು ಕೆಲವೆಡೆ ಳ ಆಯಿತು, ಕೆಲವೆಡೆ ಮುಂದಿನ ವ್ಯಂಜನದಲ್ಲಿ ಕರಗಿತು. ಪೊೞ್ತು ಹೊತ್ತಾಯಿತು, ಕೞ್ತೆ ಕತ್ತೆಯಾಯಿತು. ಹದಿಮೂರನೆಯ ಶತಮಾನದಲ್ಲಿ ಶಬ್ದಮಣಿದರ್ಪಣ ಬರೆದ ಕೇಶಿರಾಜ ರಳ, ಕುಳ, ಕ್ಷಳ ಎಂದು ಳಕಾರಗಳನ್ನು ವಿಂಗಡಿಸಿ, ೞ ಇರುವ ಪದಗಳನ್ನು ಪಟ್ಟಿ ಮಾಡಿಕೊಡುತ್ತಾನೆ. ಜನರ ಬಾಯಲ್ಲಿ ಭೇದ ಉಳಿದಿದ್ದರೆ ಪಟ್ಟಿ ಬೇಕಾಗುತ್ತಿರಲಿಲ್ಲ.

ಸುಳಿಗಾಳಿ ಎಂಬ ಪದದಲ್ಲಿ ಎರಡು ಳಕಾರಗಳಿವೆ. ಇಂದಿನ ಕಿವಿಗೆ ಎರಡೂ ಒಂದೇ. ಆದರೆ ಮೊದಲನೆಯದು ರಳ, ಎರಡನೆಯದು ಕುಳ. ಇದಕ್ಕೆ ನೆರೆಯ ತೆಲುಗೇ ಸಾಕ್ಷಿ. ತೆಲುಗಿನವರು ಇದೇ ಗಾಳಿಗೆ ಸುಡಿಗಾಲಿ ಎನ್ನುತ್ತಾರೆ. ನಮ್ಮ ಏೞು ಅವರಲ್ಲಿ ಏಡು ಆದಂತೆ ಸುೞಿ ಸುಡಿಯಾಗಿದೆ. ಗಾಳಿಯ ಳ ಮಾತ್ರ ಲ ಆಗಿದೆ. ನಾವು ಕಲಸಿಬಿಟ್ಟ ಎರಡು ದನಿಗಳನ್ನು ತೆಲುಗು ಬೇರೆ ಬೇರೆ ಡಬ್ಬಿಯಲ್ಲಿ ಇಟ್ಟು ಕಾಪಾಡಿದೆ. ತಮಿಳಿನಲ್ಲಿ ಸುೞಲ್, ಸುೞಿ ಎಂಬ ರೂಪಗಳಿವೆ, ಮಲಯಾಳದಲ್ಲಿ ಚುೞಲಿಕ್ಕಾಟ್ಟು. ಅಲ್ಲಿಗೆ ಈ ನುಡಿಗಳೆಲ್ಲ ಕವಲೊಡೆಯುವ ಮುಂಚೆಯೇ, ಸುತ್ತುವ ಗಾಳಿಯನ್ನು ನೋಡಿ ಸುತ್ತುವ ನೀರಿಗಿಟ್ಟ ಮಾತನ್ನೇ ಅದಕ್ಕೂ ಇಟ್ಟ ಜನ ಇದ್ದರು. ಅರ್ಥ ಹತ್ತಿರವಿದೆಯೆಂದು ಸುತ್ತು ಎಂಬ ಮಾತನ್ನೂ ಈ ಬಳಗಕ್ಕೆ ಸೇರಿಸಬಾರದು. ಅದರ ಬೇರು ತಮಿಳಿನ ಸುಱ್ಱು ಎಂಬುದರ ಜೊತೆ ಹೋಗುತ್ತದೆ, ಬೇರೆ ಮನೆತನ.

ಗಾಳಿಯ ಕಥೆಯನ್ನು ಇಲ್ಲಿ ಹೆಚ್ಚು ಹಿಗ್ಗಿಸುವುದಿಲ್ಲ. ಹಳಗನ್ನಡಕ್ಕೆ ಎಲರ್ ಎಂಬ ಇನ್ನೊಂದು ಚೆಲುವಾದ ಪದವಿತ್ತು. ತೆಂಕಣದ ಎಲರು ತೆಂಬೆಲರು. ಗಾಳಿಯನ್ನೇ ಉಂಡು ಬದುಕುತ್ತದೆಂಬ ನಂಬಿಕೆಯಿಂದ ಹಾವಿಗೆ ಎಲರುಣಿ ಎಂಬ ಹೆಸರು. 941ರ ಸುಮಾರಿಗೆ ವಿಕ್ರಮಾರ್ಜುನ ವಿಜಯ ಬರೆದ ಪಂಪ ತೆಂಕಣ ಗಾಳಿ ಸೋಕಿದರೆ ಸಾಕು, ಬನವಾಸಿ ನೆನಪಾಗುತ್ತದೆ ಎಂದ ಮೇಲೆ ಈ ಸೀಮೆಯ ಗಾಳಿಗೆ ಸಾಹಿತ್ಯದಲ್ಲಿ ಸ್ಥಿರವಾದ ಜಾಗ ಸಿಕ್ಕಿತು. ಅದು ತಂಪಿನ ಗಾಳಿ, ನೆನಪಿನ ಗಾಳಿ. ಅದೇ ಬನವಾಸಿ ನಾಡಿನ ಹೊಲದಲ್ಲಿ ಎದ್ದ ಸುಳಿಗಾಳಿಗೆ ಅಂಥ ಕವಿ ಸಿಗಲಿಲ್ಲ. ಅದು ಒಕ್ಕಲಿಗರ ಮಾತಿನಲ್ಲೇ ಉಳಿದು ಬಂತು.

ಸುಳಿ ಎಂಬ ಮಾತಿನ ಹರಹನ್ನು ನೋಡಿದರೆ ಆ ಮಾತನ್ನು ಬೆಳೆಸಿದವರ ಕಣ್ಣು ಎಷ್ಟು ಚುರುಕಾಗಿತ್ತೆಂಬುದು ತಿಳಿಯುತ್ತದೆ. ದಂಡಾವತಿ, ವರದಾ, ಕುಮುದ್ವತಿ ಹೊಳೆಗಳಲ್ಲಿ ಮಳೆಗಾಲದ ನೀರು ತಿರುಗುವ ಜಾಗ ಸುಳಿ. ಮಗುವಿನ ನೆತ್ತಿಯಲ್ಲಿ ಕೂದಲು ತಿರುಗಿರುವುದು ಸುಳಿ. ಎರಡು ಸುಳಿ ಇದ್ದವನಿಗೆ ಎರಡು ಮದುವೆ ಎಂದು ಅಜ್ಜಿಯರು ಹೇಳುತ್ತಾರೆ. ಎತ್ತು, ಹೋರಿ ಕೊಳ್ಳುವಾಗ ಹಲ್ಲು ಎಣಿಸಿದ ಮೇಲೆ ನೋಡುವುದು ಸುಳಿಯನ್ನು: ಹಣೆಯಲ್ಲಿ ಎಲ್ಲಿದೆ, ಬೆನ್ನ ಮೇಲೆ ಎಲ್ಲಿದೆ, ಮನೆಗೆ ಆಗಿಬರುವ ಸುಳಿಯೋ ಅಲ್ಲವೋ. ಹೋರಿ ಹಬ್ಬದ ಹುಚ್ಚು ಹಿಡಿದ ಈ ಎರಡು ತಾಲ್ಲೂಕುಗಳಲ್ಲಿ ಈ ವಿದ್ಯೆ ಬಲ್ಲ ಹಿರಿಯರಿಗೆ ಇಂದಿಗೂ ಬೆಲೆ ಇದೆ.

ಇನ್ನು ಗಿಡದ ಸುಳಿ. ಬಾಳೆ, ಜೋಳ, ಕಬ್ಬು, ತೆಂಗು, ಅಡಿಕೆ ಇವುಗಳ ನಡುನೆತ್ತಿಯಲ್ಲಿ ಹೊಸ ಎಲೆ ಸುರುಳಿ ಸುತ್ತಿಕೊಂಡು ಹೊರಬರುವ ಜಾಗವೇ ಸುಳಿ. ಜೋಳಕ್ಕೆ ಬೀಳುವ ನೊಣಕ್ಕೆ ಸುಳಿನೊಣ ಎಂಬ ಹೆಸರು ಬಂದದ್ದು ಅದರಿಂದ. 2018ರಲ್ಲಿ ಅಮೆರಿಕ ಖಂಡದ ಸೈನಿಕ ಹುಳು ಭಾರತದಲ್ಲಿ ಮೊದಲು ಪತ್ತೆಯಾದದ್ದು ನಮ್ಮ ಶಿವಮೊಗ್ಗ ಜಿಲ್ಲೆಯ ಮೆಕ್ಕೆಜೋಳದಲ್ಲಿ. ಅದನ್ನು ಹುಡುಕಬೇಕಾದದ್ದೂ ಸುಳಿಯೊಳಗೇ. ಈ ಅರ್ಥವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಗಾಳಿ ತೋಟಕ್ಕೆ ಮಾಡುವ ನಷ್ಟದ ಲೆಕ್ಕ ನಿಂತಿರುವುದು ಈ ಸುಳಿಯ ಮೇಲೆ.

ಕ್ರಿಯಾಪದವಾದಾಗ ಸುಳಿ ಇನ್ನೂ ಹಗುರವಾಗುತ್ತದೆ. ತಂಗಾಳಿ ಸುಳಿಯುತ್ತದೆ, ನೆನಪು ಸುಳಿಯುತ್ತದೆ. ಬಹಳ ದಿನ ಕಾಣದ ನೆಂಟನಿಗೆ ‘ಏನಪ್ಪ, ಈ ಕಡೆ ಸುಳಿಯಲೇ ಇಲ್ಲ’ ಎನ್ನುತ್ತೇವೆ. ಸುಳಿದು ಹೋದದ್ದರ ಗುರುತು ಸುಳಿವು, ಸುಳುಹು. ಅಲ್ಲಮನ ಊರೆಂದು ಹೇಳುವ ಬಳ್ಳಿಗಾವಿ, ಅಕ್ಕಮಹಾದೇವಿಯ ಉಡುತಡಿ ಎರಡೂ ಶಿಕಾರಿಪುರ ತಾಲ್ಲೂಕಿನಲ್ಲಿವೆ. ವಚನಕಾರರ ಬಾಯಲ್ಲಿ ಸುಳಿ, ಸುಳುಹು ಎಂಬುವು ಚಲನೆಯ ಮಾತುಗಳು. ಒಂದೆಡೆ ನಿಲ್ಲದ ಜಂಗಮ ಸುಳಿಯುತ್ತಾನೆ, ಸ್ಥಾವರಕ್ಕೆ ಸುಳುಹಿಲ್ಲ. ನೀರಿನ ತಿರುಗಣಿಯಿಂದ ಹೊರಟ ಮಾತು ತತ್ವದ ಎತ್ತರಕ್ಕೆ ಹೋಗಿಯೂ ಹೊಲವನ್ನು ಬಿಡಲಿಲ್ಲ. ಕಿಟ್ಟೆಲ್ ಅವರ 1894ರ ನಿಘಂಟಿನಲ್ಲಿ ಈ ಪದದ ಅರ್ಥಗಳನ್ನು ಒಂದರ ಕೆಳಗೊಂದು ಓದುತ್ತ ಹೋಗುವುದೇ ಒಂದು ಸುಖ.

ಸುಳಿಗಾಳಿ ಕಾಣಬೇಕಾದರೆ ಸುಗ್ಗಿ ಮುಗಿದ ಹೊಲಕ್ಕೆ ಹೋಗಬೇಕು. ಫಾಲ್ಗುಣ, ಚೈತ್ರದ ಮಧ್ಯಾಹ್ನ ಮೋಡವಿಲ್ಲದ ಆಕಾಶ, ಕಾದ ಬಯಲು. ನೆಲದ ಹತ್ತಿರದ ಗಾಳಿ ಕಾದು ಹಗುರಾಗಿ ಮೇಲೇಳುತ್ತದೆ, ಸುತ್ತಲಿನ ಗಾಳಿ ಆ ಜಾಗಕ್ಕೆ ನುಗ್ಗುತ್ತ ಒಂದಿಷ್ಟು ಓರೆಯಾಗಿ ಬಂದರೆ ಸಾಕು, ತಿರುಗಲು ಶುರು. ದೂಳು, ತರಗು, ಹುಲ್ಲಿನ ಎಸಳನ್ನು ಕಂಬದಂತೆ ಎತ್ತಿಕೊಂಡು ಹೊಲ ದಾಟಿ, ಕೆಲವು ನಿಮಿಷಗಳಲ್ಲಿ ಚದುರಿ ಹೋಗುತ್ತದೆ. ಇದಕ್ಕೆ ದೆವ್ವಗಾಳಿ ಎಂಬ ಹೆಸರೂ ಇದೆ. ಅದರ ನಡುವೆ ಸಿಕ್ಕಿದವರಿಗೆ ‘ಗಾಳಿ ಸೋಕುತ್ತದೆ’ ಎಂದು ಮಕ್ಕಳನ್ನು ಒಳಗೆ ಕರೆಯುತ್ತಾರೆ. ಗಾಳಿ ಎಂಬ ಮಾತಿಗೇ ಪಿಶಾಚಿ ಎಂಬ ಅರ್ಥ ಬಂದು ಗಾಳಿ ಬಿಡಿಸುವುದು ಒಂದು ಕಸುಬೇ ಆಗಿದ್ದರ ಹಿಂದೆ, ಕಾರಣವಿಲ್ಲದೆ ಎದ್ದು ಕಾರಣವಿಲ್ಲದೆ ಅಡಗುವ ಈ ದೂಳಿನ ಕಂಬದ ಪಾಲೂ ಇದ್ದೀತೆಂದು ನನ್ನ ಊಹೆ. ಭಾಗವತದ ತೃಣಾವರ್ತನೂ ಇಂಥವನೇ. ಕಂಸ ಕಳಿಸಿದ ಆ ಅಸುರ ಮಗು ಕೃಷ್ಣನನ್ನು ಆಕಾಶಕ್ಕೆ ಎತ್ತಿಕೊಂಡು ಹೋಗುತ್ತಾನೆ. ಅವನ ಹೆಸರನ್ನು ಬಿಡಿಸಿದರೆ ಹುಲ್ಲನ್ನು ಸುತ್ತಿಸುವವನು ಎಂದಾಗುತ್ತದೆ.

ಈ ಸುಳಿಗಾಳಿ ಹುಟ್ಟುವುದು ನೆಲದಲ್ಲಿ, ಬೆಳೆಯುವುದು ಮೇಲಕ್ಕೆ. ಅದಕ್ಕೆ ಮೋಡ ಬೇಡ. ಹುಲ್ಲಿನ ಬಣವೆಯ ನೆತ್ತಿ ಕೆದರಬಹುದು, ಒಣಹಾಕಿದ ಬಟ್ಟೆ ಹೊತ್ತೊಯ್ಯಬಹುದು, ಸಡಿಲವಾದ ತಗಡನ್ನು ಎತ್ತಿ ಎಸೆಯಬಹುದು. ಊರು ಕೆಡವುವ ಬಲ ಇದಕ್ಕಿಲ್ಲ. ಆ ಬಲವಿರುವ ತಿರುಗುಗಾಳಿ ಹುಟ್ಟುವುದು ಗುಡುಗಿನ ಮೋಡದಲ್ಲಿ. ನೆಲದ ಬಳಿ ಒಂದು ದಿಕ್ಕಿನ ಗಾಳಿ, ಮೇಲೆ ಇನ್ನೊಂದು ದಿಕ್ಕಿನ ವೇಗದ ಗಾಳಿ ಇದ್ದು, ಅದರ ನಡುವೆ ಮೋಡದ ಬಿಸಿ ಉಸಿರು ಮೇಲೇರುತ್ತಿದ್ದರೆ ಇಡೀ ಮೋಡವೇ ನಿಧಾನವಾಗಿ ತಿರುಗಲು ತೊಡಗುತ್ತದೆ. ಆ ತಿರುಗಣಿ ಎಳೆದು ಸಣ್ಣಗಾದಷ್ಟೂ ವೇಗ ಹೆಚ್ಚುತ್ತದೆ. ಮೋಡದ ಬುಡದಿಂದ ಆನೆಯ ಸೊಂಡಿಲಿನಂತೆ ಇಳಿದು ನೆಲ ಮುಟ್ಟಿದಾಗ ಅದನ್ನು ಲೋಕವೆಲ್ಲ ಟಾರ್ನೆಡೊ ಎನ್ನುತ್ತದೆ. ಅಳತೆಪಟ್ಟಿಯ ಮೊದಲ ಮೆಟ್ಟಿಲಿನ ಟಾರ್ನೆಡೊ ಎಂದರೇ ಗಂಟೆಗೆ ಸುಮಾರು 105 ಕಿಲೋಮೀಟರಿನ ಗಾಳಿ. ಕೊನೆಯ ಮೆಟ್ಟಿಲಲ್ಲಿ 320 ಮೀರುತ್ತದೆ. ಗಾಳಿಯ ವೇಗ ಇಮ್ಮಡಿಯಾದರೆ ಅದು ಗೋಡೆಗೆ, ಮರಕ್ಕೆ ಕೊಡುವ ಒತ್ತಡ ನಾಲ್ಕು ಪಟ್ಟಾಗುತ್ತದೆ.

ಕನ್ನಡದ ಭೂಗೋಳ ಪುಸ್ತಕಗಳು, ಪತ್ರಿಕೆಗಳು ಟಾರ್ನೆಡೊಗೆ ಆರಿಸಿಕೊಂಡ ಪದ ಸುಂಟರಗಾಳಿ. ಒಳ್ಳೆಯ ಆಯ್ಕೆ. ಸುಂಟರ ಎಂಬುದು ಒಂಟಿಯಾಗಿ ಎಲ್ಲಿಯೂ ಬಾಳುವುದಿಲ್ಲ. ಸುಂಟರನೀರು ಎಂದಾಗಲಿ ಸುಂಟರಮಳೆ ಎಂದಾಗಲಿ ನಾವು ಹೇಳುವುದಿಲ್ಲ. ಗಾಳಿಯೊಡನೆ ಮಾತ್ರ ಅದರ ಬದುಕು. ಸುಳಿ ನೂರು ಕಡೆ ಹರಡಿಕೊಂಡ ಮಾತಾದರೆ ಸುಂಟರಗಾಳಿ ಒಂದೇ ಕೆಲಸಕ್ಕೆ ನಿಂತ ಮಾತು. ಹಾಗಾಗಿ ಸಣ್ಣದಕ್ಕೆ ಸುಳಿಗಾಳಿ, ಊರು ಕೆಡವುವ ದೊಡ್ಡದಕ್ಕೆ ಸುಂಟರಗಾಳಿ ಎಂಬ ಹಂಚಿಕೆ ಸಹಜವಾಗಿ ಒದಗಿಬಂತು. ನೇರ ನುಗ್ಗುವುದಕ್ಕೆ ಬಿರುಗಾಳಿ ಮೊದಲೇ ಇತ್ತು: ಬಿರುಬಿಸಿಲು, ಬಿರುಮಳೆ, ಬಿರುನುಡಿ ಎನ್ನುವಾಗಿನ ಅದೇ ಬಿರು. ಕಡಲಿನಲ್ಲಿ ಹುಟ್ಟಿ ನೂರಾರು ಕಿಲೋಮೀಟರು ಹರಡಿ ದಿನಗಟ್ಟಲೆ ಬಾಳುವುದಕ್ಕೆ ಸಂಸ್ಕೃತದಿಂದ ಚಂಡಮಾರುತ, ಪಾರಸಿಯ ದಾರಿಯಿಂದ ತೂಫಾನು, ಪಠ್ಯಪುಸ್ತಕದಲ್ಲಿ ಆವರ್ತ ಮಾರುತ. ಈ ಕಡಲಗಾಳಿಗೆ ಇಂಗ್ಲಿಷಿನಲ್ಲಿ ಸೈಕ್ಲೋನ್ ಎಂಬ ಹೆಸರು ಹುಟ್ಟಿದ್ದು ನಮ್ಮ ದೇಶದಲ್ಲೇ. ಕಲ್ಕತ್ತೆಯಲ್ಲಿದ್ದ ಹೆನ್ರಿ ಪಿಡಿಂಗ್ಟನ್ ಗ್ರೀಕ್ ಮಾತಿನಿಂದ ಅದನ್ನು ಕಟ್ಟಿ 1848ರ ತನ್ನ ಪುಸ್ತಕದಲ್ಲಿ ಬಳಸಿದ. ಹಾವು ಸುರುಳಿ ಸುತ್ತಿಕೊಂಡದ್ದು ಅವನ ಮನಸ್ಸಿನಲ್ಲಿತ್ತು. ಎಲರುಣಿ ಎಂಬ ಪದ ಬಲ್ಲ ಕನ್ನಡಿಗನಿಗೆ ಈ ಹಾವು ಅಪರಿಚಿತವಲ್ಲ.

ಟಾರ್ನೆಡೊ ಎಂಬ ಪದವೂ ನಮ್ಮ ಸುಂಟರಗಾಳಿಯ ಪಾಡನ್ನೇ ಪಟ್ಟದ್ದು. ಅದರ ಮೂಲ ಸ್ಪ್ಯಾನಿಶ್ ನುಡಿಯ ಗುಡುಗುಮಳೆಯ ಹೆಸರು, ತ್ರೊನಾದ. ನಾವಿಕರ ಬಾಯಲ್ಲಿ ತಿರುಗು ಎಂಬರ್ಥದ ತೊರ್ನಾರ್ ಎಂಬ ಇನ್ನೊಂದು ಮಾತು ಅದರೊಡನೆ ಬೆರೆತು ಅಕ್ಷರ ಪಲ್ಲಟವಾಯಿತು. ಬಹುಕಾಲ ಅದು ಕಡಲಿನ ಯಾವ ಗುಡುಗುಗಾಳಿಗಾದರೂ ಸಲ್ಲುತ್ತಿತ್ತು. ತಿರುಗುವ ಗಾಳಿಗೆ ಗಟ್ಟಿಯಾಗಿ ಅಂಟಿಕೊಂಡದ್ದು ಆಮೇಲೆ. ಅಲ್ಲಿ ಸಡಿಲವಿದ್ದ ಪದ ಬಿಗಿಯಾಯಿತು, ಇಲ್ಲಿ ಬಿಗಿಯಿದ್ದ ಪದ ಸಡಿಲವಾಗುತ್ತಿದೆ.

ಭಾರತದಲ್ಲಿ ನಿಜವಾದ ಸುಂಟರಗಾಳಿ ಇಲ್ಲವೆಂದಲ್ಲ. 1978ರ ಮಾರ್ಚ್ 17ರಂದು ದೆಹಲಿಯ ಉತ್ತರ ಭಾಗಕ್ಕೆ ಬಡಿದದ್ದು 28 ಜೀವ ತೆಗೆಯಿತು. 2009ರ ಮಾರ್ಚ್ 31ರಂದು ಒಡಿಶಾದ ಕೇಂದ್ರಾಪಾಡಾ ಜಿಲ್ಲೆಯ ರಾಜಕನಿಕದಲ್ಲಿ, 2023ರ ಮಾರ್ಚಿನಲ್ಲಿ ಪಂಜಾಬಿನ ಫಾಜಿಲ್ಕಾ ಜಿಲ್ಲೆಯಲ್ಲಿ ಬಂದವು. ನೆರೆಯ ಬಾಂಗ್ಲಾದೇಶದಲ್ಲಿ 1989ರ ಏಪ್ರಿಲ್ 26ರಂದು ದೌಲತ್‌ಪುರ, ಸಾಟುರಿಯಾ ಊರುಗಳನ್ನು ಅಳಿಸಿಹಾಕಿದ ಸುಂಟರಗಾಳಿ ಸುಮಾರು 1,300 ಜನರನ್ನು ಕೊಂದಿತು. ಲೋಕದಲ್ಲಿ ಇದಕ್ಕಿಂತ ಹೆಚ್ಚು ಸಾವು ತಂದ ಸುಂಟರಗಾಳಿ ದಾಖಲೆಯಲ್ಲಿಲ್ಲ. ಅಮೆರಿಕದ ಟೆಕ್ಸಾಸ್, ಒಕ್ಲಹೋಮ ಕಡೆ ನೆಲೆಸಿದ ಕನ್ನಡದ ಮನೆಗಳವರು ಸೈರನ್ ಕೂಗಿದಾಗ ಕಿಟಕಿಯಿಲ್ಲದ ಒಳಕೋಣೆಗೆ ಮಕ್ಕಳನ್ನು ಕರೆದುಕೊಂಡು ಸೇರುವುದನ್ನು ಕಲಿತಿದ್ದಾರೆ. ಊರಿಗೆ ಫೋನು ಮಾಡಿದಾಗ ಅವರು ಹೇಳುವ ಸುಂಟರಗಾಳಿಯೂ ಶಿಕಾರಿಪುರದ ಸುದ್ದಿಯ ಸುಂಟರಗಾಳಿಯೂ ಒಂದಲ್ಲ.

ಹಾಗಾದರೆ ನಮ್ಮ ತೋಟ ಕೆಡವುವುದು ಯಾವುದು? ಬೇಸಿಗೆಯ ಕೊನೆಯಲ್ಲಿ ಅರಬ್ಬೀ ಸಮುದ್ರದ ಕಡೆಯಿಂದ ತೇವ ಬರುತ್ತದೆ, ಒಳನಾಡು ಕಾದಿರುತ್ತದೆ. ಮಲೆನಾಡು ಮುಗಿದು ಬಯಲು ಶುರುವಾಗುವ ಈ ಅಂಚಿನಲ್ಲಿ ಮಧ್ಯಾಹ್ನದ ಮೇಲೆ ಮೋಡ ಗೋಪುರದಂತೆ ಬೆಳೆಯುತ್ತದೆ. ಮಳೆ ಸುರಿಯತೊಡಗಿದಾಗ ಹನಿಗಳು ಗಾಳಿಯನ್ನೂ ಎಳೆದುಕೊಂಡು ಬರುತ್ತವೆ. ಹಾದಿಯಲ್ಲಿ ಒಂದಷ್ಟು ಹನಿ ಆವಿಯಾಗಿ ಆ ಗಾಳಿ ಇನ್ನೂ ತಣ್ಣಗೆ, ಭಾರವಾಗಿ ದೊಪ್ಪೆಂದು ನೆಲಕ್ಕೆ ಬೀಳುತ್ತದೆ. ಬಿದ್ದದ್ದು ಸುತ್ತಲೂ ಚೆಲ್ಲಿ ಹರಿಯುತ್ತದೆ. ಮಳೆಗೆ ಸ್ವಲ್ಪ ಮುಂಚೆ ಮೈಗೆ ತಣ್ಣಗೆ ತಾಗಿ, ದೂಳೆಬ್ಬಿಸಿ, ಆಮೇಲೆ ಮರ ಮುರಿಯುವ ಗಾಳಿ ಇದೇ. ಕರ್ನಾಟಕದ ಒಳನಾಡಿನಲ್ಲಿ ಮುಂಗಾರಿಗೆ ಮೊದಲಿನ ಗುಡುಗುಮೋಡಗಳು ಬಹುಪಾಲು ಕೆಡವುವುದು ಈ ಬಗೆಯ ನೇರಗಾಳಿಯನ್ನು. ಇದರ ವೇಗವೂ ಕೆಲವೊಮ್ಮೆ ಸುಂಟರಗಾಳಿಯಷ್ಟೇ ಆಗಬಹುದು, ನಷ್ಟವೂ ಅಷ್ಟೇ ಇರಬಹುದು. ಆದರೆ ಅದು ತಿರುಗುವುದಿಲ್ಲ.

ಇದನ್ನು ಲೋಕಕ್ಕೆ ತಿಳಿಸಿದವನು ಬಿದ್ದ ಮರಗಳನ್ನು ಓದಲು ಕಲಿತ ಒಬ್ಬ ಜಪಾನಿ. ಟೆಟ್ಸುಯಾ ಫುಜಿಟಾ 1945ರಲ್ಲಿ ನಾಗಾಸಾಕಿಯ ಬಾಂಬ್ ಬಿದ್ದ ಜಾಗವನ್ನು ನೋಡಲು ಹೋದಾಗ ಮರಗಳು ಒಂದು ನಡುವಿನಿಂದ ಹೊರಕ್ಕೆ ಎಲ್ಲ ದಿಕ್ಕಿಗೂ ಚೆದರಿ ಬಿದ್ದಿದ್ದನ್ನು ಗಮನಿಸಿದ್ದ. ಸುಮಾರು ಮೂವತ್ತು ವರ್ಷದ ಮೇಲೆ, 1974ರಲ್ಲಿ ಅಮೆರಿಕದ ಬಿರುಗಾಳಿಗಳ ಹಾದಿಯ ಮೇಲೆ ವಿಮಾನದಲ್ಲಿ ಹಾರುವಾಗ ಕಾಡಿನಲ್ಲಿ ಅದೇ ಚಿತ್ರ ಕಂಡಿತು. 1975ರ ಜೂನ್ 24ರಂದು ನ್ಯೂಯಾರ್ಕಿನಲ್ಲಿ ಇಳಿಯುತ್ತಿದ್ದ ವಿಮಾನ ನೆಲಕ್ಕಪ್ಪಳಿಸಿ ನೂರಕ್ಕೂ ಹೆಚ್ಚು ಜನ ಸತ್ತಾಗ, ಮೋಡದಿಂದ ಕೆಳಕ್ಕೆ ಸುರಿಯುವ ಗಾಳಿಯೇ ಕಾರಣವೆಂದು ಹೇಳಿದವನು ಅವನು. ಮೊದಲು ಅನೇಕರು ಒಪ್ಪಲಿಲ್ಲ, ಆಮೇಲೆ ಒಪ್ಪಿದರು. ವಿಮಾನ ನಿಲ್ದಾಣಗಳಲ್ಲಿ ಈ ಗಾಳಿಯನ್ನು ಹಿಡಿಯುವ ರೇಡಾರುಗಳು ಬಂದು ಎಷ್ಟೋ ಜೀವ ಉಳಿದವು. ತಿರುಗುವ ಗಾಳಿ, ಸುರಿಯುವ ಗಾಳಿ ಎಂಬ ಎರಡನ್ನು ಬಿಡಿಸಿ ನೋಡಿದ್ದರ ಫಲ ಅದು.

ಅವನ ಓದು ನಮ್ಮ ತೋಟಕ್ಕೂ ಒಪ್ಪುತ್ತದೆ. ಅಡಿಕೆ ಮರಗಳೆಲ್ಲ ಒಂದೇ ದಿಕ್ಕಿಗೆ ತಲೆಯಿಟ್ಟು, ಅಥವಾ ಬೀಸಣಿಗೆಯ ಹಾಗೆ ಹರಡಿ ಬಿದ್ದಿದ್ದರೆ ಅದು ಬಿರುಗಾಳಿ. ಕಿರಿದಾದ ಒಂದು ಪಟ್ಟಿಯಲ್ಲಿ, ಎಡಬಲದ ಮರಗಳು ನಡುವಿನ ಕಡೆಗೆ ಬಾಗಿ, ಒಂದರ ಮೇಲೊಂದು ಅಡ್ಡಡ್ಡ ಬಿದ್ದು, ಪಕ್ಕದ ತೋಟಕ್ಕೆ ಏನೂ ಆಗಿರದಿದ್ದರೆ ಸುಂಟರಗಾಳಿಯ ಶಂಕೆ ಬರಬೇಕು. ಊರವರ ಮಾತು ಈ ಭೇದವನ್ನು ಬಲ್ಲದು. ‘ತ್ವಾಟ ಪೂರಾ ಮಲಗ್ತು ಕಣಣ್ಣ’ ಎನ್ನುವುದು ಒಂದು, ‘ಮರಾನ ತಿರುಪಿ ತಿರುಪಿ ಮುರ್ದಾಕ್ತು’ ಎನ್ನುವುದು ಇನ್ನೊಂದು. ಸುದ್ದಿಯಾಗುವಾಗ ಎರಡೂ ಸುಂಟರಗಾಳಿಯಾಗುತ್ತವೆ.

ಈಗ ಗಿಡದ ಸುಳಿಗೆ ಬರೋಣ. ಮಾವು, ಹಲಸು, ಹೊನ್ನೆಯ ಕೊಂಬೆ ಮುರಿದರೆ ಪಕ್ಕದಿಂದ ಚಿಗುರುತ್ತದೆ. ಅಡಿಕೆಗೆ ಆ ಭಾಗ್ಯವಿಲ್ಲ. ಹದಿನೈದು, ಇಪ್ಪತ್ತು ಮೀಟರು ಎತ್ತರಕ್ಕೆ ಹೋಗುವ ಆ ಸಪೂರ ಮರಕ್ಕೆ ಬೆಳೆಯುವ ಜಾಗ ಒಂದೇ, ನೆತ್ತಿಯ ಸುಳಿ. ಸುಳಿ ಮುರಿಯಿತೋ, ಬುಡ ಎಷ್ಟೇ ಗಟ್ಟಿಯಿರಲಿ, ಮರ ಸತ್ತಂತೆ. ಬಾಳೆಗಾದರೆ ಕಂದು ಇದೆ, ಅಡಿಕೆಗೆ ಅದೂ ಇಲ್ಲ. ಹೊಸ ಸಸಿ ನೆಟ್ಟರೆ ಫಲಕ್ಕೆ ಐದರಿಂದ ಏಳು ವರ್ಷ ಕಾಯಬೇಕು. ಅಷ್ಟು ವರ್ಷ ಮಕ್ಕಳ ಓದು, ಮದುವೆ, ಸೊಸೈಟಿಯ ಸಾಲದ ಕಂತು ಯಾವುದೂ ಕಾಯುವುದಿಲ್ಲ.

ನಷ್ಟ ಗಾಳಿ ನಿಂತ ದಿನಕ್ಕೆ ಮುಗಿಯುವುದೂ ಇಲ್ಲ. ಅಡಿಕೆ ತೋಟ ತನ್ನ ನೆರಳಿನಲ್ಲೇ ಬಾಳುವಂಥದು. ನಡುವೆ ಮರ ಬಿದ್ದು ಬಾಯಿ ತೆರೆದ ಕಡೆ ನೈಋತ್ಯದ ಬಿಸಿಲು ಉಳಿದ ಮರಗಳ ಕಾಂಡಕ್ಕೆ ಬೀಳುತ್ತದೆ. ಕಾಂಡ ಮೊದಲು ಹಳದಿ, ಆಮೇಲೆ ಕಂದು ಬಣ್ಣಕ್ಕೆ ತಿರುಗಿ ಸೀಳುತ್ತದೆ. ಸೀಳಿನಲ್ಲಿ ಕೊಳೆ ಸೇರುತ್ತದೆ. ಮುಂದಿನ ಸಾಧಾರಣ ಗಾಳಿಗೇ ಆ ಮರ ಅದೇ ಜಾಗದಲ್ಲಿ ಮುರಿಯುತ್ತದೆ. ಬಲ್ಲ ಬೆಳೆಗಾರರು ಗಾಳಿ ಹೊಡೆದ ಮೇಲೆ ಬಿದ್ದ ಮರ ಸಾಗಿಸುವ ಮುಂಚೆಯೇ ಅಂಚಿನ ಮರಗಳ ಕಾಂಡಕ್ಕೆ ಸೋಗೆ ಕಟ್ಟುತ್ತಾರೆ. ಅಡಿಕೆಯ ನೆರಳು ನಂಬಿದ ಮೆಣಸಿನ ಬಳ್ಳಿ, ಏಲಕ್ಕಿ, ವೀಳ್ಯದೆಲೆಗಳ ಪಾಡೂ ಇದರಲ್ಲೇ ಸೇರಿದೆ.

ಹಳೆಯ ತೋಟಗಳಿದ್ದ ಜಾಗವನ್ನು ಗಮನಿಸಬೇಕು. ಸೊರಬದಲ್ಲಿ ತೋಟ ಎಂದರೆ ಕಣಿವೆ. ಎರಡು ಬದಿಗೆ ಸೊಪ್ಪಿನ ಬೆಟ್ಟ, ಮೇಲೆ ಕಾನು. ಕಾನು ಎಂದರೆ ಕೊಡಲಿ ತಾಗದ ಹಾಗೆ ಊರವರೇ ಕಾದುಕೊಂಡ ನಿತ್ಯಹಸಿರಿನ ದಟ್ಟ ಕಾಡು. ಕಾಳುಮೆಣಸು, ಬೈನೆ, ದೇವರ ಬನ, ನೀರಿನ ಒರತೆ ಎಲ್ಲ ಅದರೊಳಗೆ. 1868ರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಬ್ರಿಟಿಷ್ ಕಾಲದ ಅಧಿಕಾರಿಗಳು ಸೊರಬದ ಕಾನುಗಳ ಬಗ್ಗೆಯೇ ವರದಿ ಬರೆಯುವಷ್ಟು ಅವು ಹೆಸರಾಗಿದ್ದವು. ನೀರಿಗಾಗಿ, ಮೆಣಸಿಗಾಗಿ ಕಾನು ಬೇಕೆಂದು ಎಲ್ಲರೂ ಹೇಳುತ್ತಾರೆ. ಗಾಳಿಗೂ ಅದು ಗೋಡೆ. ನುಗ್ಗಿ ಬರುವ ಬಿರುಗಾಳಿ ಮರದ ಗುಂಪಿಗೆ ತಾಗಿ ಮೇಲೇರುತ್ತದೆ, ಕೆಳಗಿನ ಕಣಿವೆಯ ತಲೆಯ ಮೇಲೆ ಹಾದುಹೋಗುತ್ತದೆ. ಇಂದು ಕೊಳವೆಬಾವಿಯ ಬಲದಿಂದ ಗದ್ದೆ ಬಯಲಿಗೆ, ಮೆಕ್ಕೆಜೋಳದ ಹೊಲಕ್ಕೆ ಅಡಿಕೆ ಇಳಿದಿದೆ. ಶಿಕಾರಿಪುರದಿಂದ ಶಿರಾಳಕೊಪ್ಪದ ಹಾದಿಯಲ್ಲಿ, ಆನವಟ್ಟಿಯ ಸುತ್ತಮುತ್ತ ನೋಡಿದರೆ ಬಟಾಬಯಲಿನಲ್ಲಿ ಸಾಲುಸಾಲು ಎಳೆಯ ಅಡಿಕೆ, ಸುತ್ತ ಒಂದು ದೊಡ್ಡ ಮರವಿಲ್ಲ. ಗಾಳಿಯೇ ಜೋರಾಗಿದೆ ಎಂದು ನಾವು ಹೇಳುತ್ತೇವೆ. ತೋಟವೇ ಗಾಳಿಯ ಬಾಯಿಗೆ ಹೋಗಿ ನಿಂತಿದೆ ಎಂಬುದನ್ನೂ ಹೇಳಬೇಕು ಎಂಬುದು ನನ್ನ ಅಭಿಪ್ರಾಯ.

ಕಾಡಿನೊಳಗೆ ಗಾಳಿಯ ಕೆಲಸ ಬೇರೆ ತರಹದ್ದು. ಹೆಮ್ಮರವೊಂದು ಬಿದ್ದು ಕಾನಿನ ಚಪ್ಪರದಲ್ಲಿ ಕಿಂಡಿಯಾದರೆ ಬೆಳಕಿಗೆ ಕಾದಿದ್ದ ಸಸಿಗಳು ಏಳುತ್ತವೆ. ಬಿದ್ದ ಮರ ಅಣಬೆಗೆ, ಗೆದ್ದಲಿಗೆ, ಮರಕುಟಿಗನಿಗೆ ಊಟ. ದೊಡ್ಡ ಕಾಡಿಗೆ ಅದು ಹೊಸ ಹುಟ್ಟು. ಒತ್ತುವರಿಯಿಂದ ಕಿರಿದಾಗಿ ಹೋದ ಕಾನಿಗೆ ಮಾತ್ರ ಅದೇ ಕಿಂಡಿ ಗಾಯವಾಗುತ್ತದೆ, ಲಂಟಾನದಂಥ ಕಳೆ ಒಳಗೆ ನುಗ್ಗುತ್ತದೆ. ಸೊರಬದ ಗುಡವಿ ಪಕ್ಷಿಧಾಮದಲ್ಲಿ ಮುಂಗಾರಿನ ಹೊತ್ತಿಗೆ ಬೆಳ್ಳಕ್ಕಿ, ನೀರುಕಾಗೆಗಳು ಕೆರೆಯ ಮರಗಳಲ್ಲಿ ಒತ್ತೊತ್ತಾಗಿ ಗೂಡು ಕಟ್ಟುತ್ತವೆ. ಕಡ್ಡಿ ಅಡ್ಡಡ್ಡ ಇಟ್ಟ ಗೂಡು. ಒಂದು ಬಲವಾದ ಗಾಳಿಗೆ ಮೊಟ್ಟೆ, ಮರಿ ನೀರುಪಾಲು. ಹೊತ್ತು ಮೀರಿರದಿದ್ದರೆ ಹಕ್ಕಿಗಳು ಮತ್ತೆ ಕಡ್ಡಿ ತರಲು ಹೊರಡುತ್ತವೆ.

ಮನೆಗಳ ಮಾತು. ಮಂಗಳೂರು ಹೆಂಚಿನ ಮನೆಗೆ ಗಾಳಿ ಹೊಡೆದರೆ ಹೆಂಚು ಒಂದೊಂದಾಗಿ ಏಳುತ್ತದೆ, ಒಳಗಿನ ಒತ್ತಡಕ್ಕೆ ದಾರಿಯಾಗುತ್ತದೆ, ಗೋಡೆ ಉಳಿಯುವುದುಂಟು. ತಗಡು, ಸಿಮೆಂಟ್ ಶೀಟಿನ ಮಾಡು ಹಾಗಲ್ಲ. ಸೂರಿನ ಕೆಳಗಿನಿಂದ ಒಳನುಗ್ಗಿದ ಗಾಳಿ ಮೇಲಕ್ಕೆ ದೂಡುತ್ತದೆ, ಮೇಲೆ ಹರಿಯುವ ಗಾಳಿ ಎಳೆಯುತ್ತದೆ, ಹುಕ್ಕು ಕಿತ್ತ ಶೀಟು ಕತ್ತಿಯಂತೆ ಹಾರುತ್ತದೆ. ಬಿರುಗಾಳಿಯಲ್ಲಿ ಗಾಯವಾಗುವುದು ಬಹಳ ಸಲ ಹೀಗೆ ಹಾರಿ ಬಂದ ವಸ್ತುವಿನಿಂದ. ಕೊಟ್ಟಿಗೆ, ಅಂಗನವಾಡಿ, ಶಾಲೆಯ ಅಡುಗೆಕೋಣೆ ಇಂಥ ಕಡೆ ಶೀಟನ್ನು ಜಂತಿಗೆ ಹುಕ್ಕಿನಿಂದ ಬಿಗಿದು, ಜಂತಿಯನ್ನು ಗೋಡೆಯೊಳಕ್ಕೆ ಇಳಿಸಿದ ಪಟ್ಟಿಯಿಂದ ಕಟ್ಟುವುದಕ್ಕೆ ಹೆಚ್ಚು ಖರ್ಚಾಗುವುದಿಲ್ಲ. ಮಾಡಿನ ಮೇಲೆ ಕಲ್ಲು ಹೇರುವುದು ಮಾತ್ರ ಅಪಾಯ. ಗಾಳಿಗೆ ಆ ಕಲ್ಲೇ ಕೆಳಗಿರುವವರ ತಲೆಗೆ ಬರುತ್ತದೆ.

ಲೈಟು ಕಂಬ ಬಿದ್ದರೆ ಪಂಪು ನಿಂತು, ಕತ್ತಲೆಯ ಜೊತೆ ನೀರೂ ಇಲ್ಲ. ಮಳೆ ನಿಲ್ಲುವ ಮುಂಚೆಯೇ ಕೆಸರಿನಲ್ಲಿ ಕಂಬ ಎತ್ತಿ ನಿಲ್ಲಿಸುವ ಲೈನ್‌ಮನ್‌ಗಳ ದುಡಿಮೆಯನ್ನು ಇಲ್ಲಿ ನೆನೆಯದೆ ಮುಂದೆ ಹೋಗಲಾರೆ.

ಪದದ ಕೊನೆಯ ನಿಲ್ದಾಣ ತಾಲ್ಲೂಕು ಕಚೇರಿ. ಗ್ರಾಮ ಆಡಳಿತ ಅಧಿಕಾರಿ ಬಂದು ಮಹಜರು ಬರೆಯುತ್ತಾರೆ. ಕೇಂದ್ರ ಸರ್ಕಾರದ 2022ರಿಂದ 2026ರವರೆಗಿನ ವಿಪತ್ತು ಪರಿಹಾರ ನಿಯಮಗಳಲ್ಲಿ ಹೆಸರಿಸಿದ್ದ ವಿಪತ್ತುಗಳು ಹನ್ನೆರಡು: ಚಂಡಮಾರುತ, ಬರ, ಭೂಕಂಪ, ಬೆಂಕಿ, ನೆರೆ, ಸುನಾಮಿ, ಆಲಿಕಲ್ಲು, ಭೂಕುಸಿತ, ಹಿಮಕುಸಿತ, ಮೇಘಸ್ಫೋಟ, ಕೀಟಬಾಧೆ, ಶೀತಗಾಳಿ. ಕಡಲಿನ ಚಂಡಮಾರುತ ಇತ್ತು. ಸುಂಟರಗಾಳಿ ಇರಲಿಲ್ಲ, ಬಿರುಗಾಳಿಯೂ ಇರಲಿಲ್ಲ. ಪಟ್ಟಿಯಲ್ಲಿಲ್ಲದ್ದನ್ನು ರಾಜ್ಯಗಳು ಸ್ಥಳೀಯ ವಿಪತ್ತೆಂದು ಘೋಷಿಸಿ ತಮ್ಮ ವಿಪತ್ತು ನಿಧಿಯ ನೂರಕ್ಕೆ ಹತ್ತರಷ್ಟನ್ನು ಬಳಸಬಹುದಿತ್ತು. ಆ ನಿಯಮದಂತೆ ಪರಿಹಾರ ಸಿಕ್ಕರೆ ಅಡಿಕೆಯಂಥ ಬಹುವಾರ್ಷಿಕ ಬೆಳೆಗೆ ಹೆಕ್ಟೇರಿಗೆ 22,500 ರೂಪಾಯಿ, ಅದೂ ಎರಡು ಹೆಕ್ಟೇರಿನ ಮಿತಿಯಲ್ಲಿತ್ತು. ಏಳು ವರ್ಷ ಫಲ ಕಾಣದ ತೋಟಕ್ಕೆ ಇದು ಏನೇನೂ ಸಾಲದು ಎಂಬುದನ್ನು ಎಷ್ಟು ಗಟ್ಟಿಯಾಗಿ ಹೇಳಿದರೂ ಕಡಿಮೆ. ಕಾಗದದಲ್ಲಿ ಯಾವ ಪದ ಬೀಳುತ್ತದೆ ಎಂಬುದು ಹೀಗೆ ರೈತನ ಮನೆಯ ಮಾತೂ ಆಗುತ್ತದೆ.

ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರ ಹೋಬಳಿಗೊಂದರಂತೆ ಹವಾಮಾನ ಕೇಂದ್ರಗಳನ್ನೂ ಗ್ರಾಮ ಪಂಚಾಯಿತಿಗೊಂದರಂತೆ ಮಳೆಮಾಪಕಗಳನ್ನೂ ಇಟ್ಟಿದೆ. ದೇಶದಲ್ಲೇ ಇಷ್ಟು ಒತ್ತಾದ ಜಾಲ ಅಪರೂಪ. ಆದರೂ ನೂರು ಮೀಟರು ಅಗಲದ, ಹತ್ತು ನಿಮಿಷ ಬಾಳುವ ಗಾಳಿ ಎರಡು ಯಂತ್ರಗಳ ನಡುವೆ ಹಾದುಹೋಗಿಬಿಡುತ್ತದೆ. ಅದನ್ನು ಕಂಡವರು ಊರವರು. ಅದರ ಸುಳಿವು ಉಳಿಯುವುದು ಬಿದ್ದ ಮರದಲ್ಲಿ. ಆ ಮರಗಳನ್ನು ವಾರದೊಳಗೆ ಕಡಿದು ಸಾಗಿಸಿಬಿಡುತ್ತಾರೆ. ಮಹಜರಿನ ಹಾಳೆಯಲ್ಲಿ ಬಿದ್ದ ಮರಗಳ ಸಂಖ್ಯೆ, ಅಂದಾಜು ನಷ್ಟ ಇವುಗಳ ಜೊತೆ ಇನ್ನು ಮೂರು ಕಲಂ ಸೇರಬೇಕು: ಗಾಳಿ ಬಂದ ಹೊತ್ತು, ಮರಗಳು ತಲೆಯಿಟ್ಟ ದಿಕ್ಕು, ಹಾನಿಯಾದ ಪಟ್ಟಿಯ ಅಗಲ. ಮಲಗಿತು ಎಂದು ತೋಟದವರು ಹೇಳಿದ್ದರೆ ಮಲಗಿತು ಎಂದೇ, ತಿರುಪಿತು ಎಂದಿದ್ದರೆ ತಿರುಪಿತು ಎಂದೇ ಬರೆದುಕೊಳ್ಳಬೇಕು. ಹತ್ತು ವರ್ಷದ ಅಂಥ ಹಾಳೆಗಳು ಒಂದೆಡೆ ಸೇರಿದರೆ ಯಾವ ಊರಿನ ಯಾವ ಮಗ್ಗುಲಿಗೆ ಗಾಳಿತಡೆಯ ಮರಸಾಲು ಬೇಕು, ಯಾವ ಬಯಲಿಗೆ ಅಡಿಕೆ ಇಳಿಸಬಾರದು, ಸುಂಟರಗಾಳಿ ಎಂಬ ಪದಕ್ಕೆ ಶಿವಮೊಗ್ಗ ಜಿಲ್ಲೆಯಲ್ಲಿ ನಿಜವಾಗಿ ಎಷ್ಟು ಕೆಲಸವಿದೆ ಎಂಬ ಮೂರೂ ಅವುಗಳಿಂದಲೇ ತಿಳಿದಾವು.